ಅಂಕೆ ಹದಿನಾಲ್ಕು

ಸದರಿ ಕನ್ನಡಕ, ಸದರಿ ಗಾಜು,
ಸದರಿ ಗಾಜಿನ ಅಂಚಿಗೆ ಕೂದಲೆಳೆಗಿಂತ ಸಣ್ಣ ಗೀರು,
ಸದರಿ ಗೀರಿಗೆ ತಾಗಿ ಬಾಗಿದ ಬೆಳಕು
ತೊಟ್ಟವರ ಕಣ್ಣೆದುರು, ತೋಳಳತೆ ದೂರದಲ್ಲಿ,
ನಿಲ್ಲಿಸುತ್ತದೆ ಒಂದು ಆಕೃತಿಯನ್ನು.

ಇಷ್ಟು ಮೊದಲನೆಯ ಹಕ್ಕುಕೋರಿಕೆ.
ಔಲು ಊರಿನ ಒನ್ನಿ ಹೆಲಾಕೊರ್ಪಿ ಬರೆದದ್ದು,
ಅಥವಾ ಅವನ ವಕೀಲ.
ವಕೀಲರ ಕೈದಾಟಿ ಬಂದ ಮೇಲೆ ಮಾತು
ಯಾರದಾಗಿಯೂ ಉಳಿದಿರುವುದಿಲ್ಲ.

ಮ್ಯೂನಿಕ್ಕಿನಲ್ಲಿ, ನಾಲ್ಕನೆಯ ಮಹಡಿಯಲ್ಲಿ,
ಇಸಾರ್ ಹೊಳೆಗೆ ಬೆನ್ನು ಹಾಕಿ ಕೂತು
ಹತ್ತೊಂಬತ್ತು ವರ್ಷದಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ:
ಇದು ಮೊದಲೇ ಇತ್ತೇ?
ದಾನದೆಮ್ಮೆಯ ಹಲ್ಲೆಣಿಸಬಾರದಂತೆ.
ನನಗೆ ಸಂಬಳವೇ ಅದಕ್ಕೆ.

ಮೂರು ದಿನ ಹುಡುಕಿದೆ.
ಜಪಾನಿನವು ಇಪ್ಪತ್ತಮೂರು, ಕೊರಿಯದವು ಎಂಟು,
ಆಟಿಕೆ ಕಂಪನಿಯೊಂದರ ದೆವ್ವ ತೋರಿಸುವ ಡಬ್ಬಿ.
ನಾಲ್ಕನೆಯ ದಿನ ಸಿಕ್ಕಿತು. ಸಿಕ್ಕೇ ಸಿಗುತ್ತದೆ.
ರೀಗಾ, ಎಪ್ಪತ್ತನಾಲ್ಕನೆಯ ಇಸವಿ,
ಅರ್ವೀಡ್ಸ್ ಮೆಲ್ಬಾರ್ಡಿಸ್ ಎಂಬವರ ಎರಡೂವರೆ ಪುಟ:
ಶಿರಸ್ತ್ರಾಣ, ಒಳಗೆ ಗಾಜಿನ ಫಲಕ, ಫಲಕದಲ್ಲಿ ಹೊಲೊಗ್ರಾಮು,
ಅದರಾಚೆ ಗಾಳಿಯಲ್ಲಿ ತೇಲುವ ಚಹಾದ ಹೂಜಿ.
ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ.

ತಂಟೆ ಶುರುವಾದದ್ದು ಇಲ್ಲಿ.
‘ತೊಡಬಹುದಾದ’ ಎಂದರೇನು?
ನಾಲ್ಕು ಕಿಲೋವನ್ನು ಹೊರುತ್ತಾರೆ, ತೊಡುವುದಿಲ್ಲ, ವಕೀಲ ಬರೆದ.
ಹೊತ್ತದ್ದನ್ನೇ ತೊಟ್ಟದ್ದೆಂದುಕೊಂಡು
ಆಯುಷ್ಯ ಕಳೆದವರು ಬೇಕಾದಷ್ಟಿದ್ದಾರೆ, ನಾನು ಬರೆದೆ,
ಅಳಿಸಿದೆ, ಮತ್ತೆ ಬರೆದೆ:
ಆಕ್ಷೇಪಣೆ ಉಳಿಯುತ್ತದೆ.

ಮೂರನೆಯ ಚಿತ್ರದಲ್ಲಿ ಆಕೃತಿಗೆ ಅಂಕೆ ಹದಿನಾಲ್ಕು.
ಗೋಳ ಸಾಕಿತ್ತು, ಪೆಟ್ಟಿಗೆಯಂಥದೊಂದು ಸಾಕಿತ್ತು,
ಎಲ್ಲರೂ ಹಾಗೇ ಬರೆಯುತ್ತಾರೆ.
ಇವನು ಹೆಂಗಸೊಬ್ಬಳನ್ನು ಬರೆದಿದ್ದಾನೆ.
ಉಣ್ಣೆಯ ಕೋಟು. ಮೇಲಿನಿಂದ ಎರಡನೆಯ ಗುಂಡಿ ಇಲ್ಲ,
ಕಿತ್ತುಹೋದಲ್ಲಿ ದಾರದ ಎರಡು ಎಳೆ.
ಹೊರಟು ನಿಂತಿದ್ದಾಳೋ ಈಗ ತಾನೇ ಬಂದಳೋ
ಗೆರೆಗಳು ಬಾಯಿ ಬಿಡುವುದಿಲ್ಲ.
ನಲವತ್ತೆರಡು ಪುಟದ ವಿವರಣೆಯಲ್ಲಿ ಅವಳ ಸುದ್ದಿ ಇಷ್ಟೇ:
“ಆಕೃತಿ (೧೪) ತೊಟ್ಟವರಿಗೆ ಮಾತ್ರ ಕಾಣತಕ್ಕದ್ದು.”

ತೀಯು, ಚಿತ್ರ ಬಿಡು, ಕೋನ ನೋಡು,
ಎಂದರು ಅಧ್ಯಕ್ಷೆ ಒರ್ಟ್ರೂನ್.
ಕೋನ ನೋಡಿದೆ.

ಗುಂಡಿಯ ಬಗ್ಗೆ ಕೇಳುವ ಕಲಮು ಕಾನೂನಿನಲ್ಲಿಲ್ಲ.
ಆದರೂ ಕೇಳಿದೆ, ಕಾನೂನಿನ ದನಿಯಲ್ಲೇ:
“ಅಂಕೆ ಹದಿನಾಲ್ಕು ಏನನ್ನು ಸೂಚಿಸುತ್ತದೆ, ಸ್ಪಷ್ಟವಿಲ್ಲ.
ನಾಲ್ಕು ತಿಂಗಳೊಳಗಾಗಿ ಸ್ಪಷ್ಟಪಡಿಸುವುದು.”

ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು.
ಕೋರಿಕೆ ಕಿರಿದಾಗಿತ್ತು, ತೂಕ ತೊಂಬತ್ತು ಗ್ರಾಮಿನೊಳಗೆ,
ಗೀರಿನ ಓರೆ ಮೂವತ್ತೊಂದು ಡಿಗ್ರಿ;
ಮೆಲ್ಬಾರ್ಡಿಸರು ತಮ್ಮ ಹೂಜಿಯೊಡನೆ ಹಿಂದೆ ಸರಿದರು.
ತಿದ್ದಿದ ಮೂರನೆಯ ಚಿತ್ರದಲ್ಲಿ
ಅದೇ ತೋಳಳತೆ ದೂರ, ಅದೇ ಹದಿನಾಲ್ಕು,
ಒಂದು ಘನ.
ಆರು ಮುಖದ್ದು, ಒಂದಕ್ಕೂ ಮುಖವಿಲ್ಲ.

ಸ್ಪಷ್ಟವಾಗಿದೆ.
ಕೇಳಿದವಳು ನಾನೇ.

ನಾನು ಸಹಿ ಹಾಕಿದೆ, ಬಲ್ತಸಾರ್ ಕೆಮ್ಮುತ್ತ ಹಾಕಿದ,
ಒರ್ಟ್ರೂನ್ ಇನ್ನೊಮ್ಮೆ ಓದಿ ಹಾಕಿದರು.
ಅರ್ಜಿ ಕೊಟ್ಟ ದಿನದಿಂದ ಇಪ್ಪತ್ತು ವರ್ಷ
ಸದರಿ ಬೆಳಕು ಸದರಿ ಓರೆಯಲ್ಲಿ ಬಾಗಬೇಕಾದರೆ
ಹೆಲಾಕೊರ್ಪಿಯನ್ನು ಕೇಳಿ ಬಾಗಬೇಕು.

ಮೊದಲಿನ ಚಿತ್ರ ಕಡತದಲ್ಲೇ ಇದೆ, ಕೀಳುವಂತಿಲ್ಲ.
ಯಾರು ಬೇಕಾದರೂ ತರಿಸಿ ನೋಡಬಹುದು.
ನಾಳೆ ಇನ್ನಾವನೋ ಇಲ್ಲದವಳೊಬ್ಬಳನ್ನು
ಗಾಳಿಯಲ್ಲಿ ನಿಲ್ಲಿಸಿ ಹೊಸದೆಂದು ತಂದರೆ
ಮೊದಲೇ ಇತ್ತು ಎನ್ನಲು ಅವಳಿದ್ದಾಳೆ,
ಎರಡೆಳೆ ದಾರದ ಸಮೇತ.

ಏಳು ಗಂಟೆಗೆ ದೀಪ ಆರಿಸಿದೆ.
ಗೂಟದಿಂದ ಕೋಟು ತೆಗೆದು ತೊಡುವಾಗ
ಕತ್ತಲಲ್ಲೇ ಬೆರಳಿಟ್ಟು ಗುಂಡಿ ಎಣಿಸಿದೆ.
ಐದಕ್ಕೆ ಐದೂ ಇದ್ದವು.
ಮತ್ತೊಮ್ಮೆ ಎಣಿಸಿದೆ.